ವೆಳ್ಳಮುಂಡ: ಗುಡ್ಡದ ನೆತ್ತಿಗಳೇ ದ್ವೀಪಗಳಾದ ಊರಿಗೆ ಎರಡು ದಿನದ ಪ್ರವಾಸ

ದ್ವೀಪಕ್ಕೆ ಟೂರ್ ಅಂದ ಕೂಡಲೇ ಕರಾವಳಿಯವರ ಮನಸ್ಸಿಗೆ ಬರುವುದು ಲಕ್ಷದ್ವೀಪ. ಮಂಗಳೂರು ಹಳೆ ಬಂದರಿನಿಂದ ದಿನಸಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಮಂಜಿಗಳು ಅಲ್ಲಿಗೆ ಹೋಗುವುದನ್ನು ನೋಡುತ್ತಲೇ ಬೆಳೆದವರು ಬಂದರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸರಕು ಹೋದಷ್ಟು ಸುಲಭದಲ್ಲಿ ಮನೆಮಂದಿ ಹೋಗಲು ಆಗುವುದಿಲ್ಲ. ಪ್ರವೇಶದ ಪರವಾನಗಿ ಬೇಕು, ಹಡಗಿನಲ್ಲೋ ವಿಮಾನದಲ್ಲೋ ಸೀಟು ಸಿಗಬೇಕು, ಐದಾರು ದಿನ ಅಂಗಡಿಗೆ ಬಾಗಿಲು ಹಾಕಬೇಕು. ಮಾಲ್ದೀವ್ಸ್ ಮಾತು ಬಿಡಿ, ಅದು ಗಲ್ಫ್‌ನಿಂದ ರಜೆಗೆ ಬಂದವರ ಲೆಕ್ಕ. ಹತ್ತಿರದ ಮಲ್ಪೆಯ ಸೈಂಟ್ ಮೇರೀಸ್ ದ್ವೀಪ ಚಂದ ಉಂಟು, ಆದರೆ ಅರ್ಧ ದಿನದಲ್ಲಿ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಬೋಟೂ ಇಲ್ಲ.

ಪೆರ್ನಾಲ್ ರಜೆಯ ಎರಡು-ಮೂರು ದಿನದಲ್ಲಿ ಹೋಗಿ ಬರಬಹುದಾದ ಇನ್ನೊಂದು ದ್ವೀಪದ ಊರು ಉಂಟು. ಅಲ್ಲಿ ಸಮುದ್ರ ಇಲ್ಲ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿ, ಕಾಫಿ ತೋಟ ಮತ್ತು ಕಾಡಿನ ನಡುವೆ ಅದರ ದ್ವೀಪಗಳಿವೆ. ಅದು ವಯನಾಡು ಜಿಲ್ಲೆಯ ವೆಳ್ಳಮುಂಡ ಮತ್ತು ಅದರ ಸುತ್ತಮುತ್ತ. ಒಂದು ಕಡೆ ಬಾಣಾಸುರ ಸಾಗರದ ಹಿನ್ನೀರಿನಲ್ಲಿ ಎದ್ದು ನಿಂತ ಗುಡ್ಡದ ನೆತ್ತಿಗಳು, ಇನ್ನೊಂದು ಕಡೆ ಕಬಿನಿ ನದಿ ಸೀಳಿ ಹರಿದು ಮಾಡಿದ ಕುರುವಾ ದ್ವೀಪ. ಎರಡನ್ನೂ ನೋಡಲು ವೆಳ್ಳಮುಂಡದಲ್ಲೇ ರೂಮು ಮಾಡಿದರೆ ಸಾಕು. ಆದರೆ ಈ ದ್ವೀಪಗಳು ಸುಮ್ಮನೆ ಹುಟ್ಟಿದವಲ್ಲ, ಅವುಗಳಿಗೆ ಕೆಲವು ಕಟ್ಟುಪಾಡುಗಳೂ ಉಂಟು. ಅದು ಗೊತ್ತಿಲ್ಲದೆ ಹೋದವರು ಗೇಟಿನಿಂದಲೇ ವಾಪಸ್ ಬಂದದ್ದುಂಟು, ಕೆಲವರು ಅಪಾಯಕ್ಕೂ ಸಿಕ್ಕಿದ್ದುಂಟು.

ಊರು ಮತ್ತು ದಾರಿ

ವೆಳ್ಳಮುಂಡ ಒಂದು ಗ್ರಾಮ ಪಂಚಾಯತ್. ಮಾನಂದವಾಡಿಯಿಂದ ಕುಟ್ಟ್ಯಾಡಿಗೆ ಹೋಗುವ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ ಸಿಗುತ್ತದೆ. ಪೇಟೆಯ ಜಂಕ್ಷನ್ನಿಗೆ ಊರವರು ಹೇಳುವ ಹೆಸರು 'ಎಟ್ಟೇನಾಲ್', ಅಂದರೆ 8/4. ಎಂಟು ಮೈಲು ನಾಲ್ಕು ಫರ್ಲಾಂಗಿನ ಹಳೆಯ ಮೈಲುಗಲ್ಲಿನ ಲೆಕ್ಕ ಅದು. ಈ ರಸ್ತೆಯಲ್ಲಿ ನಾಲಾಂ ಮೈಲ್, ಪತ್ತಾಂ ಮೈಲ್ ಎಂಬ ಹೆಸರಿನ ಸ್ಟಾಪುಗಳೂ ಇವೆ. ಬಸ್ಸಿನಲ್ಲಿ ಹೋಗುವವರು ಕಂಡಕ್ಟರಿಗೆ ಬರೀ 'ವೆಳ್ಳಮುಂಡ' ಅನ್ನುವುದಕ್ಕಿಂತ 'ಎಟ್ಟೇನಾಲ್' ಅಂದರೆ ಸರಿಯಾದ ಜಾಗದಲ್ಲಿ ಇಳಿಸುತ್ತಾರೆ.

ಮಂಗಳೂರಿನಿಂದ ಹೋಗಲು ಹಲವು ದಾರಿ ಉಂಟು. ಹೆಚ್ಚಿನವರು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ ದಾರಿ ಹಿಡಿದು ಮಾನಂದವಾಡಿಗೆ ಬರುತ್ತಾರೆ. ಕಾರಿನವರಿಗೆ ಇದು ಒಳ್ಳೆಯದು, ಕೊಡಗು ನೋಡಿದ ಹಾಗೂ ಆಯಿತು. ಆದರೆ ತೋಲ್ಪೆಟ್ಟಿ ಭಾಗ ಅಭಯಾರಣ್ಯ, ಕತ್ತಲಾದ ಮೇಲೆ ರಸ್ತೆಗೆ ಆನೆ ಬರುವುದು ಸಾಮಾನ್ಯ. ಆದುದರಿಂದ ಅಸರ್ ಹೊತ್ತಿಗೆ ಕುಟ್ಟ ದಾಟಿರಬೇಕು ಎಂದು ಲೆಕ್ಕ ಹಾಕಿ ಮನೆಯಿಂದ ಹೊರಡುವುದು ಒಳ್ಳೆಯದು. ಕಣ್ಣೂರಿನವರೆಗೆ ಹೆದ್ದಾರಿಯಲ್ಲಿ ಹೋಗಿ, ಕೂತುಪರಂಬ, ನೆಡುಂಪೊಯಿಲ್ ಮೂಲಕ ಪೇರಿಯ ಘಾಟಿ ಹತ್ತುವುದು ಇನ್ನೊಂದು ದಾರಿ. 2024ರ ಮಳೆಯಲ್ಲಿ ಇಲ್ಲಿ ರಸ್ತೆ ಬಿರುಕು ಬಿಟ್ಟು ತಿಂಗಳುಗಟ್ಟಲೆ ಬಂದ್ ಇತ್ತು. ಹಾಗಾಗಿ ಮಳೆಗಾಲದಲ್ಲಿ ಹೊರಡುವ ಮೊದಲು ಘಾಟಿ ತೆರೆದಿದೆಯಾ ಎಂದು ವಿಚಾರಿಸಲೇಬೇಕು.

ಕಾರು ಇಲ್ಲದವರಿಗೆ ರೈಲೇ ಸಲೀಸು. ಮಂಗಳೂರು ಸೆಂಟ್ರಲ್‌ನಿಂದ ವಡಗರೆಗೆ ಸುಮಾರು 175 ಕಿ.ಮೀ. ಬೆಳಗ್ಗಿನ ಗಾಡಿ ಹಿಡಿದರೆ ಮಧ್ಯಾಹ್ನಕ್ಕೆ ಮೊದಲು ವಡಗರೆ. ಅಲ್ಲಿಂದ ಬಸ್ಸಿನಲ್ಲಿ ಕುಟ್ಟ್ಯಾಡಿ, ತೊಟ್ಟಿಲ್‌ಪಾಲಂ, ಪಕ್ರಂತಳಂ ಘಾಟಿ ಹತ್ತಿ ನಿರವಿಲ್‌ಪುಳ, ಕೋರೋಂ ದಾಟಿದರೆ ವೆಳ್ಳಮುಂಡ. ವಯನಾಡಿಗೆ ಹೆಚ್ಚು ಹೆಸರಿರುವುದು ತಾಮರಶ್ಶೇರಿ ಘಾಟಿಗೆ. ರಜಾದಿನದಲ್ಲಿ ಅಲ್ಲಿ ಗಂಟೆಗಟ್ಟಲೆ ಬ್ಲಾಕ್. ವೆಳ್ಳಮುಂಡಕ್ಕೆ ಹೋಗುವವರು ಕೋಝಿಕ್ಕೋಡಿನವರೆಗೆ ಹೋಗಿ ಆ ಬ್ಲಾಕಿನಲ್ಲಿ ನಿಲ್ಲುವ ಅಗತ್ಯವೇ ಇಲ್ಲ. ಟೂರ್ ಪ್ಯಾಕೇಜ್ ಮಾಡುವವರು ಯಾಕೋ ಈ ಕುಟ್ಟ್ಯಾಡಿ ದಾರಿಯನ್ನು ಹೇಳುವುದೇ ಇಲ್ಲ.

ಮೈಸೂರು ಕಡೆಯಿಂದ ಹೋಗುವವರಿಗೆ ಒಂದು ಎಚ್ಚರಿಕೆ. ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ನಾಗರಹೊಳೆ ಮೂಲಕ ಬಾವಲಿಗೆ ಬರುವ ರಸ್ತೆ ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ. ಗೇಟಿನ ಮುಂದೆ ಹೆಂಗಸರು, ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿ ಕಳೆದ ಕುಟುಂಬಗಳ ಕತೆ ಮೈಸೂರಿನಲ್ಲಿ ಕೇಳಿದರೆ ಸಿಗುತ್ತದೆ.

ಬಾಣಾಸುರ ಸಾಗರ: ನೀರಿನಡಿಯ ಊರು

ವೆಳ್ಳಮುಂಡ ಬಾಣಾಸುರ ಬೆಟ್ಟದ ಒಂದು ಮಗ್ಗುಲಲ್ಲಿದ್ದರೆ ಅಣೆಕಟ್ಟು ಇನ್ನೊಂದು ಮಗ್ಗುಲಲ್ಲಿ, ಪಡಿಂಜಾರತ್ತರ ಎಂಬಲ್ಲಿದೆ. ಎರಡರ ನಡುವೆ ರಸ್ತೆಯಲ್ಲಿ ಹನ್ನೆರಡು-ಹದಿನೈದು ಕಿಲೋಮೀಟರ್. ತರುವಣ ಮೂಲಕವೂ ಹೋಗಬಹುದು, ವಾರಾಂಬೆಟ್ಟ ಮೂಲಕವೂ ಹೋಗಬಹುದು. ಎರಡನೆಯದು ಸಣ್ಣ ರಸ್ತೆ, ಆದರೆ ಬೆಟ್ಟದ ಬುಡದಲ್ಲೇ ಹೋಗುವುದರಿಂದ ನೋಡಲು ಅದೇ ಚಂದ.

ಕಬಿನಿಯ ಉಪನದಿಯಾದ ಕರಮಾನ್ ತೋಡಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದು. ಯೋಜನೆ ಶುರುವಾದದ್ದು 1979ರಲ್ಲಿ. ಸಿಮೆಂಟಿನ ಗೋಡೆ ಅಲ್ಲ, ಮಣ್ಣು-ಕಲ್ಲಿನ ಒಡ್ಡು. ಸುಮಾರು 685 ಮೀಟರ್ ಉದ್ದ, 38.5 ಮೀಟರ್ ಎತ್ತರ. ಭಾರತದ ಅತಿ ದೊಡ್ಡ ಮಣ್ಣಿನ ಅಣೆಕಟ್ಟು, ಏಷ್ಯಾದಲ್ಲಿ ಎರಡನೆಯದು ಎಂದು ಪ್ರವಾಸಿಗರಿಗೆ ಹೇಳುತ್ತಾರೆ. ದೊಡ್ಡದೋ ಸಣ್ಣದೋ, ಮೇಲೆ ಹತ್ತಿ ನಿಂತಾಗ ಕಾಣುವ ದೃಶ್ಯಕ್ಕೆ ಆ ಬಿರುದಿನ ಅಗತ್ಯ ಇಲ್ಲ. ಎದುರಿಗೆ ಬೆಟ್ಟದ ಸಾಲು, ಕೆಳಗೆ ಹಸಿರು ನೀರು, ನೀರಿನ ನಡುವೆ ಬೋಗುಣಿ ಕವುಚಿ ಇಟ್ಟ ಹಾಗೆ ಒಂದರ ಹಿಂದೆ ಒಂದು ದ್ವೀಪಗಳು.

ಈ ನೀರಿಗೆ ಎರಡು ದಿಕ್ಕು ಉಂಟು ಎಂಬುದು ಹೆಚ್ಚಿನ ಪ್ರವಾಸಿಗರಿಗೆ ಗೊತ್ತಿಲ್ಲ. ನದಿ ತಾನಾಗಿ ಹರಿಯುವುದು ಪೂರ್ವಕ್ಕೆ: ಪನಮರಂ, ಕುರುವಾ ದಾಟಿ ಕರ್ನಾಟಕಕ್ಕೆ ಬಂದು, ಎಚ್.ಡಿ. ಕೋಟೆಯ ಬೀಚನಹಳ್ಳಿಯ ಕಬಿನಿ ಜಲಾಶಯ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಆದರೆ ಬಾಣಾಸುರದಲ್ಲಿ ನಿಲ್ಲಿಸಿದ ನೀರಿನ ಒಂದು ಪಾಲನ್ನು ಬೆಟ್ಟದೊಳಗಿನ ಸುರಂಗದಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಕೋಝಿಕ್ಕೋಡ್ ಜಿಲ್ಲೆಯ ಕಕ್ಕಯಂ ವಿದ್ಯುತ್ ಯೋಜನೆಗೆ ಬಿಡುತ್ತಾರೆ. ಅಲ್ಲಿ ಕರೆಂಟು ಮಾಡಿ ಕುಟ್ಟ್ಯಾಡಿ ಹೊಳೆಯಲ್ಲಿ ಅರಬ್ಬಿ ಸಮುದ್ರಕ್ಕೆ. ಒಂದೇ ಕೆರೆಯ ನೀರು, ಸೇರುವುದು ಎರಡು ಸಮುದ್ರ. 2007ರ ಕಾವೇರಿ ತೀರ್ಪಿನಲ್ಲಿ ಕೇರಳಕ್ಕೆ ಸಿಕ್ಕ 30 ಟಿಎಂಸಿಯಲ್ಲಿ 21 ಟಿಎಂಸಿ ಕಬಿನಿ ಭಾಗದ್ದು. ಅಂದರೆ ಇಲ್ಲಿ ಬೋಟಿನಲ್ಲಿ ಕೂತವರು ಕಾವೇರಿ ಲೆಕ್ಕಪುಸ್ತಕದ ಒಂದು ಪುಟದ ಮೇಲೆ ಕೂತಿದ್ದಾರೆ. 2018ರ ಆಗಸ್ಟಿನಲ್ಲಿ ಇಲ್ಲಿ ಶಟರ್ ಎತ್ತಿದಾಗ ಪಡಿಂಜಾರತ್ತರ, ಪನಮರಂ ಕಡೆ ಮನೆಗಳಿಗೆ ನೀರು ನುಗ್ಗಿತು. ಮುಂಚಿತವಾಗಿ ಹೇಳಲಿಲ್ಲ ಎಂಬ ದೂರು ದೊಡ್ಡದಾಗಿ ಎದ್ದಿತ್ತು. ಅದೇ ದಿನಗಳಲ್ಲಿ ಕೆಳಗೆ ನಂಜನಗೂಡಿನಲ್ಲೂ ಕಬಿನಿ ಉಕ್ಕಿತ್ತು.

ದ್ವೀಪಗಳು ಹುಟ್ಟಿದ ಬಗೆ ಸರಳ. ನೀರು ಏರಿದಾಗ ಕಣಿವೆ ಮುಳುಗಿತು, ಗುಡ್ಡದ ನೆತ್ತಿ ಉಳಿಯಿತು. ಆ ಕಣಿವೆಯಲ್ಲಿ ಗದ್ದೆ ಇತ್ತು, ತೋಟ ಇತ್ತು, ತರಿಯೋಡ್ ಎಂಬ ಪೇಟೆ ಇತ್ತು. ಬ್ರಿಟಿಷರ ಕಾಲದಲ್ಲಿ ಚಿನ್ನದ ಆಸೆಗೆ ಕಂಪನಿಗಳು ಬಂದು ಅಗೆದ ಜಾಗ ಅದು. ಆ ಪೇಟೆಯ ಮೇಲೆ 'ತರಿಯೋಡ್: ದಿ ಲಾಸ್ಟ್ ಸಿಟಿ' ಎಂಬ ಸಾಕ್ಷ್ಯಚಿತ್ರವೂ ಬಂದಿದೆ. ಅಣೆಕಟ್ಟಿಗಾಗಿ ಎದ್ದುಹೋದ ಮನೆಯವರು ಕಾವುಮಂದ, ಪಡಿಂಜಾರತ್ತರ ಮುಂತಾದ ಕಡೆ ಮತ್ತೆ ಬದುಕು ಕಟ್ಟಿದರು. ಹಿನ್ನೀರಿನ ಅಂಗಡಿಯಲ್ಲಿ ಚಾ ಕೊಡುವ ವಯಸ್ಸಾದವರ ಹತ್ತಿರ ಎರಡು ನಿಮಿಷ ಮಾತಾಡಿದರೆ, ತನ್ನ ಬಾಲ್ಯದ ಮನೆ ಯಾವ ದಿಕ್ಕಿನಲ್ಲಿ ನೀರಿನಡಿ ಇದೆ ಎಂದು ಕೈ ತೋರಿಸುವವರು ಸಿಕ್ಕಿದರೆ ಆಶ್ಚರ್ಯ ಇಲ್ಲ. ಜಾಗ ಕಳೆದುಕೊಳ್ಳುವುದು ಅಂದರೆ ಏನು ಎಂದು ಎಂಆರ್‌ಪಿಎಲ್, ಎಸ್‌ಇಝಡ್‌ಗೆ ಭೂಮಿ ಕೊಟ್ಟ ಮಂಗಳೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮಾಡಲು ಇರುವ ಮುಖ್ಯ ಕೆಲಸ ಬೋಟಿಂಗ್. ಕೇರಳ ವಿದ್ಯುತ್ ಮಂಡಳಿಯ ಹೈಡೆಲ್ ಟೂರಿಸಂ ನಡೆಸುವ ಸ್ಪೀಡ್ ಬೋಟುಗಳು ದ್ವೀಪಗಳ ನಡುವೆ ಸುತ್ತು ಹಾಕಿ ವಾಪಸ್ ಬರುತ್ತವೆ. ರಜಾದಿನದಲ್ಲಿ ಟಿಕೆಟಿಗೆ ಉದ್ದ ಕ್ಯೂ. ಹತ್ತು ಗಂಟೆಯ ಮೊದಲು ಹೋದವರಿಗೆ ಕ್ಯೂ ಕಮ್ಮಿ, ನೀರಿನ ಮೇಲಿನ ಮಂಜೂ ನೋಡಲು ಸಿಗುತ್ತದೆ. ಸ್ಪೀಡ್ ಬೋಟಿನ ಟಿಕೆಟು ತಲೆಗಲ್ಲ, ಇಡೀ ಬೋಟಿಗೆ. ಹಾಗಾಗಿ ಮೂರು ಜನರ ಕುಟುಂಬ ಇನ್ನೊಂದು ಸಣ್ಣ ಕುಟುಂಬದ ಜೊತೆ ಸೇರಿ ತೆಗೆದುಕೊಂಡರೆ ಖರ್ಚು ಅರ್ಧ. ಕ್ಯೂನಲ್ಲೇ ಮಾತಾಡಿ ಹೊಂದಿಸಿಕೊಳ್ಳಬಹುದು, ನಾಚಿಕೆ ಬೇಡ. ಮಕ್ಕಳಿಗೆ ಮರದ ನೆರಳಿನಲ್ಲಿ ಕಟ್ಟಿದ ಉಯ್ಯಾಲೆಗಳಿವೆ. ಅಣೆಕಟ್ಟಿನ ಮೇಲೆ ನಡೆಯಲು ಬಿಸಿಲಿಗೆ ಕೊಡೆ ಬೇಕು. ನೀರಿನ ಮೇಲೆ ತೇಲುವ 500 ಕಿಲೋವಾಟ್ ಸೋಲಾರ್ ಘಟಕವೊಂದು 2017ರ ಡಿಸೆಂಬರಿನಿಂದ ಇಲ್ಲಿದೆ. ಅಂಗಡಿಯ ಮಾಡಿಗೆ ಸೋಲಾರ್ ಹಾಕುವ ಯೋಚನೆಯಲ್ಲಿರುವವರು ನೋಡಬೇಕಾದದ್ದು.

ನೀರಿಗೆ ಇಳಿಯುವ ವಿಚಾರ ಮಾತ್ರ ಖಂಡಿತ ಬೇಡ. ಕರಾವಳಿಯ ಹುಡುಗರು ಸಮುದ್ರದಲ್ಲಿ ಈಜಿದವರು, ಅಲೆ ಇಲ್ಲದ ಕೆರೆ ಏನು ಮಹಾ ಎಂದು ಹೊರಡುತ್ತಾರೆ. ಲೆಕ್ಕ ಉಲ್ಟಾ. ಉಪ್ಪುನೀರು ಎತ್ತಿ ಹಿಡಿದಷ್ಟು ಸಿಹಿನೀರು ದೇಹವನ್ನು ಎತ್ತಿ ಹಿಡಿಯುವುದಿಲ್ಲ. ಬೀಚಿನ ಹಾಗೆ ಮೆಲ್ಲನೆ ಆಳವಾಗುವುದೂ ಇಲ್ಲ, ಯಾಕೆಂದರೆ ದಡ ಅನ್ನುವುದು ನಿಜವಾಗಿ ಗುಡ್ಡದ ಇಳಿಜಾರು. ಎರಡು ಹೆಜ್ಜೆಗೆ ಮೊಣಕಾಲು, ಮೂರನೇ ಹೆಜ್ಜೆಗೆ ತಲೆಗಿಂತ ಮೇಲೆ. ಕೆಳಗೆ ಕೆಸರು, ಹಳೆಯ ಮರದ ಬುಡ. ಹೋಮ್‌ಸ್ಟೇಯವರು 'ಹಿನ್ನೀರಿಗೆ ಸ್ವಂತ ದಾರಿ ಉಂಟು' ಎಂದು ಜಾಹೀರಾತು ಹಾಕಿದ್ದರೆ, ಆ ದಾರಿ ನೋಡಲಿಕ್ಕೆ ಮಾತ್ರ ಎಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಕುರುವಾ: ದಿನಕ್ಕೆ ಇಷ್ಟೇ ಜನ

ವೆಳ್ಳಮುಂಡದಿಂದ ಮಾನಂದವಾಡಿ ದಾಟಿ ಸುಮಾರು 30 ಕಿ.ಮೀ. ಹೋದರೆ ಕುರುವಾ ದ್ವೀಪ. ಬಾಣಾಸುರದ ದ್ವೀಪ ಮನುಷ್ಯ ಮಾಡಿದ್ದು, ಇದು ನದಿ ಮಾಡಿದ್ದು. ಮಾನಂದವಾಡಿ ಹೊಳೆ ಮತ್ತು ಪನಮರಂ ಹೊಳೆ ಕೂಡಲ್‌ಕಡವು ಎಂಬಲ್ಲಿ ಸೇರಿ ಕಬಿನಿ ಆಗುತ್ತದೆ. ಹಾಗೆ ಸೇರಿದ ನದಿ ಹತ್ತಾರು ಸೀಳಾಗಿ ಹರಿದು ನಡುವೆ ಬಿಟ್ಟ ನೆಲವೇ ಕುರುವಾ, ಸುಮಾರು 950 ಎಕ್ರೆ. ಒಂದು ದ್ವೀಪ ಅಲ್ಲ, ದ್ವೀಪಗಳ ಗುಂಪು. ಜನವಸತಿ ಇಲ್ಲ. ನಿತ್ಯಹಸಿರು ಕಾಡು, ಬಿದಿರು, ಬಂಡೆಗಳ ನಡುವೆ ಸಣ್ಣ ಸಣ್ಣ ತೊರೆ.

ಬಿದಿರಿನ ತೆಪ್ಪದಲ್ಲಿ ನದಿ ದಾಟುವುದು ಇಲ್ಲಿನ ಗಮ್ಮತ್ತು. ಮೋಟಾರು ಇಲ್ಲ, ಶಬ್ದ ಇಲ್ಲ. ದಾಟಿದ ಮೇಲೆ ಕಾಡಿನ ದಾರಿಯಲ್ಲಿ ನಡೆಯುವುದು. ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಹೀಲ್ಸ್ ಚಪ್ಪಲಿ, ಉದ್ದ ನೆರಿಗೆಯ ಬಟ್ಟೆ ಹಾಕಿ ಬಂದವರಿಗೆ ಕಷ್ಟ. ವಯಸ್ಸಾದ ಉಮ್ಮಂದಿರಿಗೆ ಮೊಣಕಾಲು ನೋವು ಇದ್ದರೆ ತೆಪ್ಪದ ಸವಾರಿ ಮುಗಿಸಿ ಇಚೆ ದಡದಲ್ಲೇ ಕೂರುವುದು ಒಳ್ಳೆಯದು.

ಹೋಗುವ ಮೊದಲು ಎರಡು ವಿಷಯ ವಿಚಾರಿಸಬೇಕು. ಮೊದಲನೆಯದು, ತೆರೆದಿದೆಯಾ ಎಂಬುದು. ಮಳೆಗಾಲದಲ್ಲಿ ನದಿ ತುಂಬಿದಾಗ ಕುರುವಾ ಮುಚ್ಚುತ್ತದೆ. ಎರಡನೆಯದು, ಯಾವ ಕಡೆಯಿಂದ ಪ್ರವೇಶ. ಮಾನಂದವಾಡಿ ಕಡೆಯ ಪಾಲ್‌ವೆಳಿಚ್ಚಂ ಒಂದು ಗೇಟು, ಪುಲ್ಪಳ್ಳಿ ಕಡೆಯ ಪಾಕ್ಕಂ ಇನ್ನೊಂದು. ನಡುವೆ ನದಿ ಇರುವ ಕಾರಣ ಒಂದರಿಂದ ಇನ್ನೊಂದಕ್ಕೆ ಸುತ್ತು ದಾರಿ ದೂರ. ವೆಳ್ಳಮುಂಡದಿಂದ ಹೋಗುವವರಿಗೆ ಪಾಲ್‌ವೆಳಿಚ್ಚಂ. ಮ್ಯಾಪ್ ಕೆಲವೊಮ್ಮೆ ಇನ್ನೊಂದು ಗೇಟಿಗೆ ಕರೆದುಕೊಂಡು ಹೋಗುತ್ತದೆ.

ಜನರ ಸಂಖ್ಯೆಗೆ ಮಿತಿ ಬಂದದ್ದರ ಹಿಂದೆ ದುಃಖದ ಕತೆ ಉಂಟು. 2024ರ ಫೆಬ್ರವರಿ 10ರಂದು ಮಾನಂದವಾಡಿ ಹತ್ತಿರದ ಪಯ್ಯಂಪಳ್ಳಿ ಭಾಗದಲ್ಲಿ ಆನೆಯೊಂದು ಮನೆಯಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದಿತು. ಅದು ಹಾಸನ ಜಿಲ್ಲೆಯ ಬೇಲೂರಿನಲ್ಲಿ ಹಿಡಿದು, ರೇಡಿಯೋ ಕಾಲರ್ ಹಾಕಿ, ಕರ್ನಾಟಕದ ಅರಣ್ಯ ಇಲಾಖೆ ಬಂಡೀಪುರ ಕಡೆ ಬಿಟ್ಟಿದ್ದ ಮಖ್ನಾ ಆನೆ. ಆರು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಆನೆಯ ದಾಳಿಗೆ ಕುರುವಾದ ಪ್ರವಾಸಿ ಕೇಂದ್ರದಲ್ಲಿ ಕೆಲಸಕ್ಕಿದ್ದ ನೌಕರರೊಬ್ಬರು ಬಲಿಯಾದರು. ಜನ ರಸ್ತೆಗೆ ಇಳಿದರು, ವಯನಾಡು ಬಂದ್ ಆಯಿತು, ಕುರುವಾ ಮುಚ್ಚಿತು. ಹೈಕೋರ್ಟಿನ ಅನುಮತಿ ಪಡೆದು ಮತ್ತೆ ತೆರೆದದ್ದು ಅಕ್ಟೋಬರಿನಲ್ಲಿ. ಆಗ ಹಾಕಿದ ಮಿತಿ ದಿನಕ್ಕೆ 400 ಜನ, ಒಂದೊಂದು ಗೇಟಿನಿಂದ 200.

ಇನ್ನೂರು ಜನ ಅಂದರೆ ನಾಲ್ಕು ಟೂರಿಸ್ಟ್ ಬಸ್ಸು. ಪೆರ್ನಾಲಿನ ಮರುದಿನ ಹನ್ನೊಂದು ಗಂಟೆಗೆ ಆರಾಮದಲ್ಲಿ ಹೋದರೆ ಟಿಕೆಟ್ ಸಿಗದು. ಸುಬಹ್ ಆದ ಕೂಡಲೇ ಹೊರಟು ಗೇಟು ತೆರೆಯುವ ಮೊದಲೇ ಅಲ್ಲಿರಬೇಕು. ಸಿಗದಿದ್ದರೆ ಗೇಟಿನವರ ಜೊತೆ ಜಗಳ ಬೇಡ. ಅಲ್ಲಿ ನಿಂತಿರುವವರು ತಮ್ಮ ಜೊತೆಗಾರನನ್ನು ಅದೇ ಕಾಡಿನಲ್ಲಿ ಕಳೆದುಕೊಂಡವರು.

ಇದೇ ಕೂಡಲ್‌ಕಡವಿನಲ್ಲಿ 2024ರ ಡಿಸೆಂಬರಿನಲ್ಲಿ ಚೆಕ್‌ಡ್ಯಾಮ್ ನೋಡಲು ಬಂದ ಗುಂಪುಗಳ ನಡುವೆ ಜಗಳ ಹತ್ತಿತು. ಬಿಡಿಸಲು ಹೋದ ಸ್ಥಳೀಯ ಆದಿವಾಸಿ ವ್ಯಕ್ತಿಯ ಕೈ ಹಿಡಿದು ಕಾರಿನಲ್ಲಿ ಎಳೆದೊಯ್ದ ಘಟನೆ ಇಡೀ ಕೇರಳದಲ್ಲಿ ಸುದ್ದಿಯಾಯಿತು. ಅದರ ನಂತರ ಊರವರು ಹೊರಗಿನ ಗಾಡಿಯ ಗುಂಪುಗಳನ್ನು ಸ್ವಲ್ಪ ಸಂಶಯದಿಂದ ನೋಡಿದರೆ ತಪ್ಪು ಹೇಳುವ ಹಾಗಿಲ್ಲ. ಕೆಎ-19 ನಂಬರ್ ಪ್ಲೇಟಿನ ಕಾರಿನಲ್ಲಿ ಹಾಡು ಜೋರಾಗಿ ಹಾಕಿಕೊಂಡು ಹೋಗುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಬೆಟ್ಟ, ಜಲಪಾತ, ಕರ್ಲಾಡ್ ಕೆರೆ

ಬಾಣಾಸುರ ಬೆಟ್ಟದ ಎತ್ತರ 2,073 ಮೀಟರ್. ಮಹಾಬಲಿಯ ಮಗ ಬಾಣಾಸುರ ಇಲ್ಲಿ ತಪಸ್ಸು ಮಾಡಿದ ಎಂಬ ಕತೆಯಿಂದ ಬಂದ ಹೆಸರು. ವೆಳ್ಳಮುಂಡದ ಯಾವ ಮೂಲೆಯಿಂದ ನೋಡಿದರೂ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಗೈಡ್ ಇಲ್ಲದೆ ಹತ್ತುವ ಹಾಗಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. 'ನಮ್ಮ ಜೀಪಿನವ ಹಿಂದಿನ ದಾರಿಯಲ್ಲಿ ಕರೆದುಕೊಂಡು ಹೋಗ್ತಾನೆ' ಎಂದು ಯಾರಾದರೂ ಹೇಳಿದರೆ ಹೋಗಬೇಡಿ. ಪ್ರಾಣಿಗಳ ಭಯ ಒಂದು ಕಡೆ, ಪೊಲೀಸರ ಕಣ್ಣು ಇನ್ನೊಂದು ಕಡೆ. 2020ರ ನವೆಂಬರಿನಲ್ಲಿ ಇದೇ ಬಾಣಾಸುರ ಕಾಡಿನಲ್ಲಿ ಪೊಲೀಸರ ಗುಂಡಿಗೆ ಮಾವೋವಾದಿಯೊಬ್ಬ ಸತ್ತಿದ್ದ. ಹಳೆಯ ಇತಿಹಾಸವೂ ಇಲ್ಲೇ ಉಂಟು. 1970ರ ಫೆಬ್ರವರಿ 18ರಂದು ತಿರುನೆಲ್ಲಿಯಲ್ಲಿ ಪೊಲೀಸರು ಕೊಂದ ನಕ್ಸಲ್ ನಾಯಕ ಎ. ವರ್ಗೀಸ್ ವೆಳ್ಳಮುಂಡದವರು. ಎನ್‌ಕೌಂಟರ್ ಎಂದು ಹೇಳಿದ್ದು ಸುಳ್ಳು, ಹಿಡಿದು ಗುಂಡು ಹೊಡೆದದ್ದು ಎಂದು ಗುಂಡು ಹಾರಿಸಿದ ಕಾನ್‌ಸ್ಟೇಬಲೇ 1998ರಲ್ಲಿ ಬಾಯಿಬಿಟ್ಟರು. 2010ರಲ್ಲಿ ನಿವೃತ್ತ ಐಜಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ಆಯಿತು. ಸಮಾಧಿ ಒಳುಕ್ಕನ್‌ಮೂಲ ಎಂಬಲ್ಲಿದೆ.

ಅಣೆಕಟ್ಟಿನ ಹತ್ತಿರವೇ ಬಾಣಾಸುರ ಮೀನ್ಮುಟ್ಟಿ ಜಲಪಾತ. ಹೆಸರಿನ ಗೊಂದಲ ಗಮನಿಸಬೇಕು: ವಯನಾಡಿನಲ್ಲಿ ಮೀನ್ಮುಟ್ಟಿ ಎರಡು. ಹೆಚ್ಚು ಪ್ರಸಿದ್ಧವಾದದ್ದು ವಡುವಂಚಾಲ್ ಕಡೆ, ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ. ಮ್ಯಾಪಿನಲ್ಲಿ 'ಬಾಣಾಸುರ' ಸೇರಿಸಿ ಹುಡುಕದಿದ್ದರೆ ಅರ್ಧ ದಿನ ಹಾಳು. ಇಲ್ಲಿಯದ್ದು ಸಣ್ಣದು, ನಡೆಯುವ ದಾರಿ ಸ್ವಲ್ಪ ಏರು. ಮಳೆ ಮುಗಿದ ಕೂಡಲೇ ಹೋದರೆ ನೀರು ಚಂದ, ಮಾರ್ಚಿನಲ್ಲಿ ಹೋದರೆ ಬರೀ ಕಲ್ಲು.

ಕಾವುಮಂದದ ಹತ್ತಿರದ ಕರ್ಲಾಡ್ ಕೆರೆ ಮಕ್ಕಳಿರುವವರಿಗೆ ಒಳ್ಳೆಯ ಜಾಗ. ಸಣ್ಣ ಕೆರೆ, ಅದರ ಮೇಲೆ ಜಿಪ್‌ಲೈನ್, ಕಯಾಕಿಂಗ್. ಪೂಕೋಡ್ ಕೆರೆಯಷ್ಟು ಜನಜಂಗುಳಿ ಇಲ್ಲ.

ಮಸೀದಿ, ಊಟ, ಖರೀದಿ

ವೆಳ್ಳಮುಂಡ ಸುತ್ತಮುತ್ತ ಮಾಪಿಳ್ಳ ಮುಸ್ಲಿಮರು ಸಾಕಷ್ಟು ಇದ್ದಾರೆ. ತರುವಣ, ಕೋರೋಂ, ಪಡಿಂಜಾರತ್ತರ, ಎಲ್ಲಾ ಕಡೆ ರಸ್ತೆ ಬದಿಯಲ್ಲೇ ಮಸೀದಿ ಸಿಗುತ್ತದೆ. ಜುಮಾ ಎಲ್ಲಿ, ಹಲಾಲ್ ಊಟ ಎಲ್ಲಿ ಎಂದು ಮಂಡೆಬಿಸಿ ಮಾಡಿಕೊಳ್ಳಬೇಕಾಗಿಲ್ಲ. ಅಣೆಕಟ್ಟಿಗೆ ಹೋಗುವ ದಾರಿಯ ವಾರಾಂಬೆಟ್ಟ ಮಸೀದಿ ವಯನಾಡಿನ ಅತಿ ಹಳೆಯ ಮಸೀದಿಗಳಲ್ಲಿ ಒಂದು, ಸುಮಾರು 300 ವರ್ಷದ್ದು ಎನ್ನುತ್ತಾರೆ. ಅಲ್ಲಿನ ಮಖಾಂಗೆ ಝಿಯಾರತಿಗೆ ದೂರದಿಂದಲೂ ಜನ ಬರುತ್ತಾರೆ. ಘಾಟಿ ಹತ್ತಿ ಬಂದ ಮಲಬಾರಿನ ವ್ಯಾಪಾರಿಗಳು ಇಲ್ಲಿ ನೆಲೆನಿಂತ ಕಾಲದ ಗುರುತು ಎಂದು ಇಂಥ ಮಸೀದಿಗಳನ್ನು ನೋಡಬಹುದು.

ಭಾಷೆಯ ತೊಂದರೆ ಅಷ್ಟಿಲ್ಲ. ಬ್ಯಾರಿ ಮಾತಾಡಿದರೆ ಅವರಿಗೆ ಮುಕ್ಕಾಲು ಪಾಲು ಅರ್ಥ ಆಗುತ್ತದೆ, ಅವರ ಮಲಯಾಳ ನಿಧಾನಕ್ಕೆ ಹೇಳಿದರೆ ಬ್ಯಾರಿಗಳಿಗೂ ಆಗುತ್ತದೆ. ಎಡವುವುದು ಬೋರ್ಡ್ ಓದುವಲ್ಲಿ. ಕೇಳುವಾಗ ಗೊತ್ತಾಗುವ ಊರು ಬರಹದಲ್ಲಿ ಗೊತ್ತಾಗುವುದಿಲ್ಲ.

ಊಟದಲ್ಲಿ ಹೊಸತು ಏನಾದರೂ ಬೇಕಿದ್ದರೆ ಗಂಧಕಶಾಲೆ ಅಕ್ಕಿಯದ್ದನ್ನು ಕೇಳಿ. ಗಂಧಕಶಾಲೆ, ಜೀರಕಶಾಲೆ ಇವೆರಡೂ ಜಿಐ ಗುರುತು ಪಡೆದ ವಯನಾಡಿನ ಸಣ್ಣಕ್ಕಿಗಳು, ಬೇಯುವಾಗಲೇ ಪರಿಮಳ. ನೈಚೋರು, ಬಿರಿಯಾನಿಗೆ ಬಹಳ ಒಳ್ಳೆಯದು. ಬೆಲೆ ಸಾಮಾನ್ಯ ಅಕ್ಕಿಗಿಂತ ಜಾಸ್ತಿ, ಯಾಕೆಂದರೆ ಇಳುವರಿ ಕಮ್ಮಿ, ಬೆಳೆಯುವವರೂ ಕಮ್ಮಿ. ಮಾನಂದವಾಡಿ ಹತ್ತಿರದ ಕಮ್ಮನದಲ್ಲಿ ಐವತ್ತಕ್ಕೂ ಹೆಚ್ಚು ಹಳೆಯ ಭತ್ತದ ತಳಿ ಕಾಪಾಡಿದ ಕುರಿಚ್ಯ ಸಮುದಾಯದ ಕೃಷಿಕ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ.

ಕರಿಮೆಣಸು, ಏಲಕ್ಕಿ, ಕಾಫಿಪುಡಿ, ಜೇನು ಕೊಳ್ಳುವವರು ಪ್ರವಾಸಿ ಸ್ಥಳದ ಗೇಟಿನ ಎದುರಿನ ಅಂಗಡಿಯಲ್ಲಿ ಕೊಳ್ಳುವ ಮೊದಲು ತರುವಣ ಅಥವಾ ಮಾನಂದವಾಡಿ ಪೇಟೆಯ ಮಲಂಚರಕ್ ಅಂಗಡಿಗೆ ಹೋಗಿ ರೇಟು ಕೇಳಬೇಕು. ಕೃಷಿಕರಿಂದ ಮೆಣಸು, ಕಾಫಿ ಕೊಳ್ಳುವ ಮಂಡಿಗಳಿಗೆ ಅಲ್ಲಿ ಹೇಳುವ ಹೆಸರು ಅದು. ಆ ದಿನದ ರೇಟನ್ನು ಬೋರ್ಡಿನಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಒಳ್ಳೆಯ ಮೆಣಸು ಸಿಗುತ್ತದೆ. ಪ್ಯಾಕೆಟಿನ ಮೇಲೆ ಕಾಡಿನ ಚಿತ್ರ ಇದ್ದ ಮಾತ್ರಕ್ಕೆ ಜೇನು ಕಾಡಿನದ್ದಾಗುವುದಿಲ್ಲ.

ಯಾವಾಗ ಹೋಗುವುದು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಅತ್ಯುತ್ತಮ. ಆಗ ಜಲಾಶಯ ತುಂಬಿರುತ್ತದೆ, ದ್ವೀಪಗಳು ದ್ವೀಪಗಳಾಗಿಯೇ ಇರುತ್ತವೆ. ಶಾಲೆಗೆ ರಜೆ ಎಂದು ಏಪ್ರಿಲ್, ಮೇಯಲ್ಲಿ ಹೋದವರಿಗೆ ನೀರು ಇಳಿದು, ಸುತ್ತ ಕೆಂಪು ಮಣ್ಣಿನ ಪಟ್ಟಿ ಕಾಣುತ್ತದೆ. ಕೆಲವು ದ್ವೀಪ ದಡಕ್ಕೆ ಅಂಟಿಕೊಂಡು ಬರೀ ಗುಡ್ಡ ಆಗಿರುತ್ತದೆ. ಆದರೂ ಮಂಗಳೂರಿನ ಸೆಕೆಗಿಂತ ಎಷ್ಟೋ ವಾಸಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಜಿಲ್ಲಾಧಿಕಾರಿಯ ಆದೇಶದಲ್ಲಿ ಪ್ರವಾಸಿ ಕೇಂದ್ರಗಳನ್ನು ಮುಚ್ಚುತ್ತಾರೆ. ರೂಮು ಬುಕ್ ಮಾಡುವಾಗಲೇ ಅಲರ್ಟ್ ಬಂದರೆ ಹಣ ವಾಪಸ್ ಉಂಟಾ ಎಂದು ಮೆಸೇಜಿನಲ್ಲಿ ಬರೆಸಿಕೊಳ್ಳಬೇಕು, ಬಾಯಿಮಾತು ಸಾಲದು.

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಜಾಗ ವೆಳ್ಳಮುಂಡದಿಂದ ಸುಮಾರು 40 ಕಿ.ಮೀ. ದೂರ. ಆದರೆ 'ವಯನಾಡು' ಎಂಬ ಒಂದೇ ಹೆಸರು ಕೇಳಿ ಜನ ಇಡೀ ಜಿಲ್ಲೆಯ ಬುಕಿಂಗ್ ಕ್ಯಾನ್ಸಲ್ ಮಾಡಿದರು. ಇತ್ತ ಕುರುವಾ ಮೊದಲೇ ಮುಚ್ಚಿತ್ತು. ಸಾಲ ಮಾಡಿ ಜೀಪು ತೆಗೆದವರು, ಎರಡು ರೂಮಿನ ಹೋಮ್‌ಸ್ಟೇ ಮಾಡಿದವರು, ಅಣೆಕಟ್ಟಿನ ದಾರಿಯಲ್ಲಿ ಉಪ್ಪಿಲಿಟ್ಟ ನೆಲ್ಲಿಕಾಯಿ, ಮಾವಿನಕಾಯಿ ಮಾರುವವರು ಇವರೆಲ್ಲ ತಿಂಗಳುಗಟ್ಟಲೆ ಬರೀ ಕೈಯಲ್ಲಿ ಕೂತರು. ವ್ಯಾಪಾರ ಗೊತ್ತಿದ್ದವರಿಗೆ ಒಂದು ಸೀಸನ್ ಹೋದರೆ ಏನಾಗುತ್ತದೆ ಎಂದು ಗೊತ್ತು. ಹೆದರಿಕೆ ಇದ್ದವರು ಮಳೆಗಾಲ ಬಿಟ್ಟು ಹೋಗಲಿ. ಇಳಿಜಾರಿನಲ್ಲಿ ಗುಡ್ಡ ಕಡಿದು ಕಟ್ಟಿದ ರೆಸಾರ್ಟಿನ ಬದಲು ಪೇಟೆಯ ಹತ್ತಿರ ಸಮತಟ್ಟು ಜಾಗದ ಮನೆಯಲ್ಲಿ ಉಳಿಯಲಿ. ಅದು ಕಡಿಮೆ ಖರ್ಚು, ಸುರಕ್ಷಿತ, ದುಡ್ಡು ಊರವರ ಕೈಗೇ ಹೋಗುತ್ತದೆ.

ಎರಡು ದಿನಕ್ಕೆ ಹೋಗುವವರು ಹೀಗೆ ಮಾಡಬಹುದು. ಮೊದಲ ದಿನ ಮಧ್ಯಾಹ್ನ ತಲುಪಿ, ಲುಹರ್ ಮತ್ತು ಊಟ ಮುಗಿಸಿ ವಾರಾಂಬೆಟ್ಟ, ಕರ್ಲಾಡ್. ಮಗ್ರಿಬ್‌ಗೆ ಮೊದಲು ರೂಮಿಗೆ. ಎರಡನೇ ದಿನ ಬೆಳಗ್ಗೆ ಕುರುವಾ. ಅಲ್ಲಿ ಟಿಕೆಟ್ ಸಿಗದಿದ್ದರೆ ಮಾನಂದವಾಡಿಯಲ್ಲಿ 1805ರಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದ ಪಳಶ್ಶಿರಾಜನ ಸಮಾಧಿ ನೋಡಿ, ಸೀದಾ ಬಾಣಾಸುರಕ್ಕೆ. ಮೂರನೇ ದಿನ ಉಳಿಯುವವರು ಬೋಟಿಂಗನ್ನು ಆ ಬೆಳಗ್ಗೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಏನಾದರೂ ಆರೋಗ್ಯದ ತೊಂದರೆ ಆದರೆ ಹತ್ತಿರದ ದೊಡ್ಡ ಆಸ್ಪತ್ರೆ ಮಾನಂದವಾಡಿಯ ಸರಕಾರಿ ಮೆಡಿಕಲ್ ಕಾಲೇಜು. ಬೆಟ್ಟದ ಬುಡದಲ್ಲಿ ಮೊಬೈಲ್ ಸಿಗ್ನಲ್ ಹೋಗಿಬಂದು ಮಾಡುತ್ತದೆ. ಉಳಿಯುವ ಮನೆಯವರ ನಂಬರನ್ನು, ವಾಪಸ್ ಹೋಗುವ ಬಸ್ಸಿನ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಪಕ್ರಂತಳಂ ಘಾಟಿ ಇಳಿಯುವ ಸಂಜೆಯ ಬಸ್ಸುಗಳು ಕಮ್ಮಿ.